ಅಡ್ಡ ಮಲಗಿಸಿದ ಸಿಲಿಂಡರ್

ಪುಣೆಯ ಕಾತ್ರಜದ ಬಸ್ ನಿಲ್ದಾಣದ ಪಕ್ಕದಲ್ಲಿ ಇಪ್ಪತ್ತೆರಡು ವರ್ಷ ಇಡ್ಲಿ ಗಾಡಿ ನಡೆಸಿದೆ. ಮೊಣಕಾಲು ಇನ್ನು ಸಾಕು ಎಂದ ಮೇಲೆ ಹೋದ ವರ್ಷ ಬಿಟ್ಟೆ. ಈಗ ನಮ್ಮ ಬೀದಿ ವ್ಯಾಪಾರಿಗಳ ಸಂಘದವರು, ಹೊಸದಾಗಿ ಗಾಡಿ ಹಾಕುವವರಿಗೆ ನಾಲ್ಕು ಮಾತು ಬರೆದುಕೊಡಿ ಎಂದಿದ್ದಾರೆ. ನಮ್ಮ ಸಾಲಿನಲ್ಲಿ ಕನ್ನಡದವರೇ ಹೆಚ್ಚು, ಹಾಗಾಗಿ ಕನ್ನಡದಲ್ಲೇ ಬರೆಯಿರಿ ಎಂದರು. ವಿಷಯವನ್ನೂ ಅವರೇ ಕೊಟ್ಟಿದ್ದಾರೆ: ದೊಡ್ಡ ಹೋಟೆಲಿನವರೂ ಕಂಪನಿಯವರೂ ಸೇರುವ ವ್ಯಾಪಾರ ಪ್ರದರ್ಶನಕ್ಕೆ ಗಾಡಿಯವರು ಏಕೆ ಹೋಗಬೇಕು? ಸಭೆಯಲ್ಲಿ ಈ ಮಾತು ಎತ್ತಿದರೆ ಅರ್ಧ ಜನ ನಗುತ್ತಾರಂತೆ. ನಗಲಿ ಬಿಡಿ. ನಾನೂ ಮೂರು ವರ್ಷ ನಕ್ಕವಳೇ. ಮೇಲೆ ನಗು, ಒಳಗೆ ಅಂಜಿಕೆ.

ನಾನು ಹುಟ್ಟಾ ಪುಕ್ಕಲಿ. ಇಂಡಿ ತಾಲ್ಲೂಕಿನಿಂದ ಮದುವೆಯಾಗಿ ಪುಣೆಗೆ ಬಂದ ದಿನ ರಸ್ತೆ ದಾಟಲು ಹೆದರಿ ಅರ್ಧ ಗಂಟೆ ನಿಂತಲ್ಲೇ ನಿಂತಿದ್ದೆ. ಗಾಡಿ ಹಾಕಿದ ಮೇಲಂತೂ ಕೇಳಲೇಬೇಡಿ. ಅತಿಕ್ರಮಣ ತೆಗೆಯುವ ಲಾರಿ ಬಂದೀತೇ ಎಂದು ಹೆದರಿಕೆ. ಆಹಾರ ಖಾತೆಯ ಸಾಹೇಬರು ಚಟ್ನಿಯ ಮುಚ್ಚಳ ತೆಗೆದು ಮೂಸಿದರೆ ಎಂದು ಹೆದರಿಕೆ. ಚಳಿಗೆ ಹಿಟ್ಟು ಉಬ್ಬದಿದ್ದರೆ? ಒಂದು ದಿನ ರಜೆ ಹಾಕಿದರೆ ನನ್ನ ಜಾಗದಲ್ಲಿ ಬೇರೆ ಯಾರಾದರೂ ಬಂದು ನಿಂತರೆ? ಜ್ವರದಲ್ಲಿ ನಡುಗುತ್ತಲೂ ಹೋಗಿ ನಿಂತಿದ್ದೇನೆ. ಇಷ್ಟಕ್ಕೆಲ್ಲ ಹೆದರಿದವಳು ಗಾಡಿಯ ಕೆಳಗಿದ್ದ ಗ್ಯಾಸ್ ಸಿಲಿಂಡರಿಗೆ ಮಾತ್ರ ಒಂದು ದಿನವೂ ಹೆದರಲಿಲ್ಲ.

ಕಸುಬು ಕಲಿತದ್ದು ಪುಣೆ ಕ್ಯಾಂಪಿನ ಒಂದು ಹೋಟೆಲಿನಲ್ಲಿ. ಮಾಲೀಕರು ಕುಂದಾಪುರದ ಕಡೆಯ ಶೆಟ್ಟರು. ಹಿಟ್ಟು ರುಬ್ಬುವ ಕೆಲಸಕ್ಕೆ ಸೇರಿಕೊಂಡ ಮೊದಲ ವಾರದಲ್ಲೇ ಅವರು ನನ್ನ ಹಿಟ್ಟಿಗೆ ಬೆರಳದ್ದಿ ನೋಡಿ, "ಇದು ಇಡ್ಲಿ ಹಿಟ್ಟಾ, ಗೋಡೆಗೆ ಮೆತ್ತುವ ಗಾರೆಯಾ?" ಎಂದು ಪಾತ್ರೆಯನ್ನೇ ಮೋರಿಗೆ ಸುರಿದಿದ್ದರು. ನಾನು ಅತ್ತುಬಿಟ್ಟೆ. ಮರುದಿನ ಅವರೇ ಪಕ್ಕದಲ್ಲಿ ಕೂತು, ಉದ್ದು ಎಷ್ಟು ಹೊತ್ತು ನೆನೆಯಬೇಕು, ನೀರು ಯಾವಾಗ ಚಿಮುಕಿಸಬೇಕು ಎಂದು ತೋರಿಸಿಕೊಟ್ಟರು. ನಾನು ಗಾಡಿ ಹಾಕುತ್ತೇನೆಂದು ಹೊರಟಾಗ ಹೋಟೆಲಿನ ಹಳೆಯ ಇಡ್ಲಿ ಪಾತ್ರೆಯನ್ನು ಕೊಟ್ಟು ಕಳಿಸಿದರು. "ಹೋಗು, ಹೆದರಬೇಡ. ಇಡ್ಲಿ ಹಾಳಾದರೆ ಮಾತ್ರ ನನ್ನ ಹೆಸರು ಹೇಳಬೇಡ" ಎಂದರು.

ಹಾಳಾಯಿತು. ಮೊದಲ ಚಳಿಗಾಲದ ಒಂದು ಬೆಳಿಗ್ಗೆ ಹಿಟ್ಟು ಉಬ್ಬಿರಲಿಲ್ಲ. ಚೆಲ್ಲಲು ಮನಸ್ಸು ಬರದೆ ಹಾಗೇ ಬೇಯಿಸಿ ಮಾರಿದೆ. ಬಸ್ ಕಂಡಕ್ಟರೊಬ್ಬ ಇಡ್ಲಿಯನ್ನು ತಟ್ಟೆಗೆ ಟಕ್ ಟಕ್ ಎಂದು ಬಡಿದು, ಮರಾಠಿಯವರು ಚಿಕ್ಕಮ್ಮನನ್ನು ಕರೆಯುವಂತೆ "ಮಾವಶಿ, ಇದನ್ನು ಘಾಟಿನಲ್ಲಿ ಟೈರಿನ ಕೆಳಗೆ ಇಟ್ಟರೆ ಬಸ್ ಹಿಂದಕ್ಕೆ ಜಾರುವುದಿಲ್ಲ" ಎಂದ. ಸುತ್ತ ನಿಂತವರೆಲ್ಲ ನಕ್ಕರು. ನಾನೂ ನಕ್ಕೆ. ಮನೆಗೆ ಹೋಗಿ ಅತ್ತೆ. ಪುಣ್ಯಾತ್ಮ ಮರುದಿನವೂ ನನ್ನ ಗಾಡಿಗೇ ಬಂದ, ಅದಕ್ಕೇ ನಾನು ಉಳಿದೆ.

ಇನ್ನು ಸಿಲಿಂಡರಿನ ಮಾತು. ಚಳಿಗಾಲದಲ್ಲಿ ಒಲೆ ಒಂದೇ ಸಮನೆ ಉರಿದರೆ ಸಿಲಿಂಡರಿನ ಹೊಟ್ಟೆಯ ಸುತ್ತ ಬಿಳಿಯ ಮಂಜು ಕಟ್ಟುತ್ತದೆ. ಉರಿ ಸೊರಗುತ್ತದೆ. ಅಲುಗಾಡಿಸಿದರೆ ಒಳಗೆ ಗ್ಯಾಸ್ ಇರುವುದು ಗೊತ್ತಾಗುತ್ತದೆ, ಹೊರಗೆ ಮಾತ್ರ ಬರುವುದಿಲ್ಲ. ಬೇರೆ ಗಾಡಿಯವರ ಬಳಿ ಇಲ್ಲದ್ದು ಇಡ್ಲಿಯವಳ ಬಳಿ ಏನಿರುತ್ತದೆ ಹೇಳಿ? ಪಾತ್ರೆಯ ತಳದಲ್ಲಿ ಸದಾ ಕುದಿಯುವ ನೀರು. ಹಿಟ್ಟು ಕಲಸುವ ಅಗಲವಾದ ತಟ್ಟೆ, ಅದೇ ಪರಾತಕ್ಕೆ, ಆ ನೀರು ಸುರಿದು ಸಿಲಿಂಡರನ್ನು ಅದರಲ್ಲಿ ನಿಲ್ಲಿಸುತ್ತಿದ್ದೆ. ಅದಕ್ಕೂ ಬಗ್ಗದಿದ್ದರೆ ಅದರಲ್ಲೇ ಅಡ್ಡ ಮಲಗಿಸುತ್ತಿದ್ದೆ. ಭುಸ್ ಎಂದು ಉರಿ ಏಳುತ್ತಿತ್ತು. "ಎದ್ದ ನೋಡ್ರಿ ಸಾಹೇಬ!" ಎಂದು ನಾನು ಕೂಗಿದರೆ ಸಾಲಿನವರೆಲ್ಲ ಬಗ್ಗಿ ನೋಡುತ್ತಿದ್ದರು. ಕೆಲವರು ಬಂದು ಬಿಸಿನೀರು ಕೇಳಿ ಒಯ್ಯುತ್ತಿದ್ದರು. ನನಗೆ ಏನು ಹೆಮ್ಮೆ ಅಂತೀರಿ!

ನನ್ನ ಪಕ್ಕದ ಗಾಡಿ ಮಹಾದೇವಿಯದು. ಜತ್ತದ ಕಡೆಯವಳು, ಮಿರ್ಚಿ ಭಜಿ ಮಾಡುತ್ತಿದ್ದಳು. ನನಗಿಂತ ಹತ್ತು ವರ್ಷ ಚಿಕ್ಕವಳು, ಮಾತು ಕಮ್ಮಿ. ಒಂದು ಬೆಳಿಗ್ಗೆ ಅವಳ ಒಲೆ ಸೊರಗಿದಾಗ ನಾನೇ ಪರಾತ ಹಿಡಿದುಕೊಂಡು ಹೋದೆ. ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

"ಬ್ಯಾಡ ಅಕ್ಕಾ, ನನಗ ಅಂಜಿಕಿ ಬರ್ತದ."

"ದಿನಾ ಕುದಿಯೋ ಎಣ್ಣಿ ಮುಂದ ನಿಲ್ಲಾಕಿ, ಬಿಸಿ ನೀರಿಗೆ ಅಂಜತಿ ಏನ? ಹಿಂಗ ಅಂಜಿದ್ರ ಊರಿಗೆ ಹೋಗಿ ಸಗಣಿ ಕುಳ್ಳು ತಟ್ಟು ನಡಿ!"

ಸಾಲಿಗೆ ಸಾಲೇ ನಕ್ಕಿತು. ಅವಳ ಮುಖ ಚಿಕ್ಕದಾಯಿತು. ನಾಲ್ಕು ದಿನ ಬಿಟ್ಟು ನೋಡುತ್ತೇನೆ, ಅವಳ ಗಾಡಿಯ ಕೆಳಗಿದ್ದ ಎರಡು ಸಿಲಿಂಡರುಗಳಲ್ಲಿ ಒಂದು ಅಡ್ಡ ಮಲಗಿದೆ. "ಭೇಷ್! ಈಗ ದಾರಿಗೆ ಬಂದಿ ನೋಡು" ಎಂದೆ. ಅವಳು ಸುಮ್ಮನೆ ನಕ್ಕಳು. ಅಲ್ಲಿಂದ ಮುಂದೆ ಪ್ರತಿ ಚಳಿಗಾಲದಲ್ಲೂ ಅವಳದೊಂದು ಸಿಲಿಂಡರ್ ಮಲಗಿಯೇ ಇರುತ್ತಿತ್ತು. ಒಬ್ಬಳಿಗೆ ಧೈರ್ಯ ಕಲಿಸಿದೆನೆಂದು ನಾನು ಬೀಗುತ್ತಿದ್ದೆ.

ಆ ದಿನಗಳಲ್ಲೇ ಶೆಟ್ಟರ ಫೋನು ಶುರುವಾದದ್ದು. ಪ್ರತಿ ಚಳಿಗಾಲ ಅದೇ ಮಾತು.

"ಶಾಂತಾ, ಅಡುಗೆ ಸಾಮಾನಿನವರ ದೊಡ್ಡ ಪ್ರದರ್ಶನ ಉಂಟು, ಮೂರು ದಿನ. ನನ್ನ ಹತ್ತಿರ ಎರಡು ಪಾಸು ಉಂಟು. ಬಾ."

"ನಾ ಬಂದು ಏನ್ ಮಾಡ್ಲಿರಿ ಅಲ್ಲಿ? ಅವರೆಲ್ಲಾ ಕೋಟು ಹಾಕ್ಕೊಂಡಿರ್ತಾರ. ನನ್ನ ಮೈ ತುಂಬ ಸಾಂಬಾರ ವಾಸನಿ."

"ಎಂತ ಮಾರಾಯ್ತಿ! ಅವರು ಇಡ್ಲಿ ಪಾತ್ರೆ ಮಾರಲಿಕ್ಕೆ ಬರುವುದು. ಇಡ್ಲಿ ಮಾಡುವವಳು ಹೋಗದಿದ್ದರೆ ಅವರು ಯಾರಿಗೆ ಮಾರುವುದು?"

ಮೂರು ವರ್ಷ ಏನೇನೋ ನೆಪ ಹೇಳಿದೆ. ನಾಲ್ಕನೆಯ ವರ್ಷ ಅವರು, "ನೀನು ಬರದಿದ್ದರೆ ನಾನೂ ಹೋಗುವುದಿಲ್ಲ" ಎಂದು ಹಟ ಹಿಡಿದರು. ಮಹಾದೇವಿಯೂ ಒತ್ತಾಯಿಸಿದಳು. "ಹೋಗಿ ಬರ್ರಿ ಅಕ್ಕಾ. ಎರಡೂ ಗಾಡಿ ನಾ ನೋಡ್ಕೋತೀನಿ. ನಿಮ್ಮ ಜಾಗಾ ಯಾರಿಗೂ ಬಿಡಂಗಿಲ್ಲ."

ಅವತ್ತು ಚಳಿ ಜೋರಾಗಿತ್ತು. ಬೆಳಗಿನ ವ್ಯಾಪಾರ ಮುಗಿಸಿ, ಸೀರೆ ಬದಲಿಸಿ, ಹೊರಡುವಾಗ ಮಹಾದೇವಿಗೆ ಹೇಳಿದ ಮಾತು ನನಗೆ ಅಕ್ಷರ ಬಿಡದಂತೆ ನೆನಪಿದೆ. "ಗ್ಯಾಸ್ ಮುಗೀಲಿಕ್ಕೆ ಬಂದದ. ಹೊಸಾದು ನಾಳಿಗೆ ಬರ್ತದ. ಉರಿ ಸೊರಗಿದ್ರ ಪರಾತ ಇಲ್ಲೇ ಅದ, ನೀರು ಹಾಕಿ ಮಲಗಿಸಿಬಿಡು. ಹಿಟ್ಟು ಮುಗಿಯೋತನಕ ಒಲಿ ಆರಿಸಬ್ಯಾಡ."

ಅವಳು ಸಿಲಿಂಡರನ್ನು ಒಂದು ಸಲ ನೋಡಿದಳು. "ಹೂಂ ಅಕ್ಕಾ" ಎಂದಳು.

ಪ್ರದರ್ಶನ ಇದ್ದದ್ದು ಖಡಕಿಯನ್ನೂ ದಾಟಿ, ಊರಿನ ಇನ್ನೊಂದು ತುದಿಯ ಮೈದಾನದಲ್ಲಿ. ಬಾಗಿಲಲ್ಲಿ ಹೆಸರು ಬರೆಸಬೇಕು. ಕಂಪ್ಯೂಟರಿನ ಮುಂದೆ ಕೂತ ಹುಡುಗಿ "ಸಂಸ್ಥೆ?" ಎಂದಳು. ನನ್ನ ಗಾಡಿಗೆ ಹೆಸರೇ ಇರಲಿಲ್ಲ. ಹಿಂದಿನಿಂದ ಶೆಟ್ಟರು, "ಶಾಂತಾ ಇಡ್ಲಿ. ಇವರೇ ಮಾಲೀಕರು" ಎಂದರು. ಹುಡುಗಿ ಅದನ್ನೇ ಅಚ್ಚು ಹಾಕಿ ಕೊರಳಿಗೆ ನೇತುಹಾಕಲು ಕೊಟ್ಟಳು. ಯಾರೂ ಓದದಿರಲಿ ಎಂದು ಅದನ್ನು ಮಗುಚಿ ಹಾಕಿಕೊಂಡೆ. ಯಾರೋ ಬಂದು ರಟ್ಟೆ ಹಿಡಿದು ಹೊರಗೆ ಕಳಿಸುತ್ತಾರೆ ಎಂದೇ ನನಗೆ ಅನಿಸುತ್ತಿತ್ತು.

ಯಾರೂ ಕಳಿಸಲಿಲ್ಲ. ಒಂದು ಮಳಿಗೆಯಲ್ಲಿ ಆಹಾರ ಖಾತೆಯ ಸಾಹೇಬರು ಕೂತಿದ್ದರು, ಅವರನ್ನು ಕಂಡು ಶೆಟ್ಟರ ಬೆನ್ನ ಹಿಂದೆ ಅವಿತೆ. ಇಣುಕಿ ನೋಡಿದರೆ ಅವರು ಒಬ್ಬ ವಡಾಪಾವ್ ಗಾಡಿಯವನಿಗೆ ಪರವಾನಗಿಗೆ ಏನೇನು ಕಾಗದ ಬೇಕೆಂದು ಸಮಾಧಾನದಿಂದ ಬಿಡಿಸಿ ಹೇಳುತ್ತಿದ್ದರು. ನನಗೂ "ನಮಸ್ಕಾರ, ಮಾವಶಿ" ಎಂದರು. ಇನ್ನೊಂದು ಕಡೆ ಹಿಟ್ಟಿನ ಯಂತ್ರದವರು, ಚಳಿಗಾಲದಲ್ಲಿ ಹಿಟ್ಟಿನ ಪಾತ್ರೆಯನ್ನು ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟು ಪಕ್ಕದಲ್ಲಿ ಬೆಚ್ಚನೆಯ ನೀರಿನ ಬಾಟಲಿ ಇಡಿ, ಸಾಕು ಎಂದರು. ಅಯ್ಯೋ ಶಿವನೇ! ಎಷ್ಟು ಚಳಿಗಾಲ ಅತ್ತಿದ್ದೆ, ಉತ್ತರ ಒಂದು ಪೆಟ್ಟಿಗೆ. ಕೊರಳಿನ ಚೀಟಿಯನ್ನು ಹೆಸರು ಕಾಣುವಂತೆ ತಿರುಗಿಸಿಕೊಂಡೆ.

ಆಮೇಲೆ ಗ್ಯಾಸಿನ ಮಳಿಗೆಗೆ ಬಂದೆವು. ಬೆಂಚುಗಳ ಮೇಲೆ ಮೂವತ್ತು ನಲವತ್ತು ಜನ ಕೂತಿದ್ದರು, ಅರ್ಧಕ್ಕರ್ಧ ಗಾಡಿಯವರೇ; ಕೈಯ ಸುಟ್ಟ ಕಲೆ ನೋಡಿದರೆ ತಿಳಿಯುತ್ತದಲ್ಲ. ಮೇಜಿನ ಮೇಲೆ ಒಳಗಿನದೆಲ್ಲ ಕಾಣುವ ಪ್ಲಾಸ್ಟಿಕ್ಕಿನ ಸಿಲಿಂಡರ್. ಅದರಲ್ಲಿ ಅರ್ಧ ಕೆಂಪು ನೀರು. ಪಕ್ಕದಲ್ಲಿ ನಿಂತಿದ್ದ ನರೆಗೂದಲಿನ ಮರಾಠಿ ಗೃಹಸ್ಥರು ನಗುತ್ತಲೇ ಕೇಳಿದರು. "ಚಳಿಗೆ ಉರಿ ಸೊರಗಿದರೆ ಸಿಲಿಂಡರನ್ನು ಬಿಸಿನೀರಿನಲ್ಲಿ ಇಡುವವರು, ಅಡ್ಡ ಮಲಗಿಸುವವರು ಯಾರಿದ್ದೀರಿ? ಬೈಯುವುದಿಲ್ಲ, ಕೈ ಎತ್ತಿ."

ಒಂದು ಕೈಯೂ ಏಳಲಿಲ್ಲ. ನನ್ನ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡೆ.

ಅವರು ಪ್ಲಾಸ್ಟಿಕ್ ಸಿಲಿಂಡರನ್ನು ಮೆಲ್ಲಗೆ ಅಡ್ಡ ಮಲಗಿಸಿದರು. ಕೆಂಪು ನೀರು ಬಾಯಿಗೆ ಬಂದು, ನಳಿಕೆಯೊಳಗೆ ನುಗ್ಗಿ, ಮೇಜಿನ ಮೇಲಿನ ತಟ್ಟೆಗೆ ಚಿಮ್ಮಿತು. "ನಿಂತಾಗ ಮೇಲಿನಿಂದ ಆವಿ ಹೋಗುತ್ತದೆ. ಮಲಗಿಸಿದಾಗ ದ್ರವವೇ ಒಲೆಗೆ ಹೋಗುತ್ತದೆ. ಒಂದು ಲೋಟ ದ್ರವ ಹೊರಗೆ ಬಂದರೆ ಒಂದು ಹಂಡೆ ತುಂಬುವಷ್ಟು ಗ್ಯಾಸ್ ಆಗುತ್ತದೆ. ಮೇಲೆ ಕುದಿನೀರು ಬೇರೆ ಸುರಿದರೆ ಒಳಗಿನ ಒತ್ತಡ ಏರುತ್ತಲೇ ಹೋಗುತ್ತದೆ, ನಳಿಕೆ ತಡೆಯುವುದಿಲ್ಲ" ಎಂದರು. ಆಮೇಲೆ ಚೀಲದಿಂದ ಒಂದು ರಬ್ಬರ್ ನಳಿಕೆಯ ತುಂಡು ತೆಗೆದರು. ಕಪ್ಪಾಗಿತ್ತು, ಉದ್ದಕ್ಕೂ ಬಿರಿದಿತ್ತು. ಅವರ ನಗು ಹೋಗಿತ್ತು.

"ಇದು ಇದ್ದ ಗಾಡಿಯಲ್ಲಿ ಇಬ್ಬರಿದ್ದರು" ಎಂದಷ್ಟೇ ಹೇಳಿ ಅದನ್ನು ಮೇಜಿನ ಮೇಲೆ ಇಟ್ಟರು.

ಗೋಡೆಯ ಗಡಿಯಾರ ನೋಡಿದೆ. ಹನ್ನೊಂದಕ್ಕೆ ಹತ್ತು ನಿಮಿಷವಿತ್ತು. ನನ್ನ ಗಾಡಿಯಲ್ಲಿ ಇನ್ನೂ ಎರಡು ಸುತ್ತಿನ ಹಿಟ್ಟು ಉಳಿದಿರುತ್ತದೆ. ಗ್ಯಾಸ್ ತಳ ಸೇರಿರುತ್ತದೆ. ಇದು ಉರಿ ಸೊರಗುವ ಹೊತ್ತು. ಒಲೆ ಆರಿಸಬೇಡ ಎಂದು ಹೇಳಿ ಬಂದವಳು ನಾನೇ.

ಹೊರಗೆ ಓಡಿ ಬಂದು ಮಹಾದೇವಿಗೆ ಫೋನು ಹಚ್ಚಿದೆ. ಗಂಟೆ ಹೊಡೆಯಿತು, ಎತ್ತಲಿಲ್ಲ. ಎಣ್ಣೆ ಸಿಡಿಯಬಾರದೆಂದು ಫೋನನ್ನು ಡಬ್ಬಿಯಲ್ಲಿಟ್ಟು ಮುಚ್ಚಿಡುವವಳು ಅವಳು. ಮತ್ತೆ ಹಚ್ಚಿದೆ. ಮತ್ತೆ. ಆಚೆ ಪಕ್ಕದ ಚಹಾದವನಿಗೆ ಹೇಳೋಣವೆಂದರೆ ಅವನ ನಂಬರು ನನ್ನ ಬಳಿ ಇಲ್ಲ. ಅಷ್ಟು ವರ್ಷ ಮಗ್ಗುಲಲ್ಲೇ ನಿಂತವನ ನಂಬರು ಕೇಳಿಟ್ಟುಕೊಂಡಿರಲಿಲ್ಲ! ನಿಮಗೆ ಬೇರೇನೂ ನೆನಪಿರದಿದ್ದರೂ ಇದೊಂದು ನೆನಪಿರಲಿ, ಇವತ್ತೇ ನಿಮ್ಮ ಸಾಲಿನವರೆಲ್ಲರ ನಂಬರು ಬರೆದಿಟ್ಟುಕೊಳ್ಳಿ.

ಶೆಟ್ಟರು ತಮ್ಮ ಹಳೆಯ ವ್ಯಾನ್ ತೆಗೆದರು. ಇಡೀ ಪುಣೆಯನ್ನು ದಾಟಬೇಕು. ಪ್ರತಿ ಸಿಗ್ನಲ್ಲಿನಲ್ಲೂ ಫೋನು ಹಚ್ಚುತ್ತಿದ್ದೆ, ಅವಸರದಲ್ಲಿ ಬೇರೆ ಯಾರಿಗೋ ಹೋಗುತ್ತಿತ್ತು. ಒಂದು ಕಡೆ ಆಂಬುಲೆನ್ಸ್ ನಮ್ಮನ್ನು ದಾಟಿಕೊಂಡು ದಕ್ಷಿಣಕ್ಕೇ ಹೋಯಿತು. ಮಹಾದೇವಿಯ ಇಬ್ಬರು ಮಕ್ಕಳ ಮುಖ ಕಣ್ಣ ಮುಂದೆ ಬಂತು. ಅವರಿಗೆ ನಾನು ಏನು ಹೇಳಲಿ? ನಿಮ್ಮ ಅವ್ವ ಅಂಜುತ್ತಿದ್ದಳು, ನಾನು ನಕ್ಕು ಅಂಜಿಕೆ ಬಿಡಿಸಿದೆ ಎಂದು ಹೇಳಲೇ?

"ಇದನ್ನು ನಾನು ಕಲಿಸಿದ್ದಾ ನಿನಗೆ?" ಎಂದು ಶೆಟ್ಟರು ಸ್ಟೀರಿಂಗ್ ಹಿಡಿದೇ ಗದರಿದರು. ಸ್ವಲ್ಪ ದೂರ ಹೋದ ಮೇಲೆ ಅವರ ಸ್ವರ ಇಳಿಯಿತು. "ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ಮಲಗಿಸಿದ್ದೇನೆ ಮಾರಾಯ್ತಿ. ದೇವರು ದೊಡ್ಡವನು."

ಬಸ್ ನಿಲ್ದಾಣದ ತಿರುವಿನಲ್ಲಿ ಹೊಗೆ ಕಾಣುತ್ತದೆಯೇ ಎಂದು ನೋಡಿದೆ. ಕಾಣಲಿಲ್ಲ. ವ್ಯಾನ್ ಪೂರ್ತಿ ನಿಲ್ಲುವ ಮೊದಲೇ ಇಳಿದು ಓಡಿದೆ.

ನನ್ನ ಗಾಡಿಯ ಕೆಳಗೆ ಪರಾತದಿಂದ ಹಬೆ ಏಳುತ್ತಿತ್ತು. ಅದರಲ್ಲಿ ಸಿಲಿಂಡರ್ ಅಡ್ಡ ಮಲಗಿತ್ತು. ಒಲೆಯ ಉರಿ ಹಳದಿಯಾಗಿ ಎದ್ದು ಇಡ್ಲಿ ಪಾತ್ರೆಯ ಕಂಠದವರೆಗೆ ನೆಕ್ಕುತ್ತಿತ್ತು. ಆರು ಹೆಜ್ಜೆ ದೂರದಲ್ಲಿ ಮಹಾದೇವಿ ಒದ್ದೆ ಗೋಣಿಚೀಲ ಎದೆಗೆ ಅವಚಿಕೊಂಡು ನಿಂತಿದ್ದಳು. ತನ್ನ ಎಣ್ಣೆಯ ಒಲೆ ಆರಿಸಿದ್ದಳು. ಗಿರಾಕಿಗಳನ್ನು ಆಚೆ ಕಳಿಸಿದ್ದಳು. ಅವಳ ತುಟಿ ಬಿಳಿಚಿತ್ತು.

ಮುಂದಿನದನ್ನು ಧೈರ್ಯ ಎಂದು ಯಾರೂ ಕರೆಯಬೇಡಿ. ಬಗ್ಗಿ ಕೈ ಚಾಚಿ ರೆಗ್ಯುಲೇಟರ್ ಬಂದ್ ಮಾಡಿದೆ. ಬಿಸಿನೀರು ಮೊಣಕೈಗೆ ತಾಗಿತು. ಉರಿ ಎರಡು ಸಲ ಲಪಲಪ ಎಂದು ಆರಿತು. ನಳಿಕೆ ಒಲೆಗೆ ಸೇರುವ ಜಾಗ ಉಬ್ಬಿ ಮೆತ್ತಗಾಗಿತ್ತು; ಬೆರಳಿಟ್ಟರೆ ಒಳಗೆ ಹೋಗುವಂತಿತ್ತು. ಶೆಟ್ಟರು ಬಂದು ಸಿಲಿಂಡರನ್ನು ಎತ್ತಿ ನಿಲ್ಲಿಸಿ, ದೂರಕ್ಕೆ ಒಯ್ದು ಇಟ್ಟರು.

ಅಲ್ಲೇ ರಸ್ತೆಯ ಬದಿಯಲ್ಲಿ ಕೂತುಬಿಟ್ಟೆ. ಅಳು ಬಂತು, ಅದರ ಜೊತೆಗೇ ಸಿಟ್ಟು ಬಂತು.

"ಅಷ್ಟು ಅಂಜಿಕಿ ಇದ್ರ ಯಾಕ ಮಲಗಿಸಿದಿ? ಒಲಿ ಆರಿಸಿ ಕೂಡಬೇಕಿಲ್ಲೋ?"

"ಈಗ ಮಲಗಿಸಿ ಹಚ್ಚಿದ್ದು ಅಕ್ಕಾ, ಐದು ನಿಮಿಷ ಆಗಿರಬೇಕು. ಭಾಳ ಹೊತ್ತು ತಡದೆ. ಗಿರಾಕಿ ಕೂಗಾಡಿದ್ರು. ನೀವು ಹೇಳಿ ಹೋಗಿದ್ರಲ್ರಿ."

"ನಿನ್ನ ಗಾಡ್ಯಾಗ ದಿನಾ ಮಲಗಸ್ತಿದ್ದಿ. ಇವತ್ತ ಏನ್ ಹೊಸಾದು?"

ಅವಳು ಗೋಣಿಚೀಲವನ್ನು ಕೆಳಗಿಟ್ಟಳು. ನನ್ನ ಮುಖ ನೋಡಲಿಲ್ಲ.

"ನನ್ನ ಗಾಡ್ಯಾಗ ಒಂದು ದಿನಾನೂ ಮಾಡಿಲ್ಲ ಅಕ್ಕಾ. ಅಲ್ಲಿ ಮಲಗಿರೂದು ಖಾಲಿ ಸಿಲಿಂಡರ್. ನೀವು ಮತ್ತ ನಗಬಾರದು ಅಂತ ಮಲಗಿಸಿ ಇಡ್ತಿದ್ದೆ. ಉರಿ ಸೊರಗಿದ್ರ ಒಲಿ ಆರಿಸಿ ಸುಮ್ಮನ ಕೂಡ್ತಿದ್ದೆ. ಇದು ನಿಮ್ಮ ಗಾಡಿ. ನಿಮ್ಮ ಗಾಡ್ಯಾಗ ನೀವು ಹೇಳಿದ್ದು ಮಾಡಬೇಕಲ್ರಿ?"

ಅವಳ ಕೈ ಹಿಡಿದುಕೊಂಡೆ. ಅದರ ತುಂಬ ಕಡಲೆಹಿಟ್ಟು ಒಣಗಿ ಅಂಟಿತ್ತು.

ಆಮೇಲಿನ ವರ್ಷಗಳಲ್ಲಿ ನಾನು ಒಂದು ಪ್ರದರ್ಶನವನ್ನೂ ತಪ್ಪಿಸಲಿಲ್ಲ. ಎರಡು ಸಿಲಿಂಡರುಗಳನ್ನು ಒಂದೇ ಪೈಪಿಗೆ ಕೂಡಿಸಿ ಅರ್ಧರ್ಧ ಭಾರ ಹಂಚಿದರೆ ಮಂಜು ಕಟ್ಟುವುದು ತೀರ ಕಮ್ಮಿ ಎಂದು ಅಲ್ಲೇ ಕಲಿತೆ, ಅದನ್ನು ತಿಳಿದವರ ಕೈಯಿಂದಲೇ ಮಾಡಿಸಿದೆ. ನೀವೂ ಹೋಗಿ. ಬಿಟ್ಟಿ ತಿಂಡಿ ಕೊಡುವ ಮಳಿಗೆಯಲ್ಲೇ ಹೊತ್ತು ಕಳೆಯಬೇಡಿ. ಗಾಡಿಯಲ್ಲಿ ಕೈಕೊಟ್ಟ ವಸ್ತುವನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ ಕೇಳಿ. ನಮ್ಮ ಸಾಲಿನಲ್ಲಿ ನಾವು ಒಬ್ಬರಿಂದ ಒಬ್ಬರು ಕಲಿಯುತ್ತೇವೆ, ತಪ್ಪನ್ನೂ ಹಾಗೇ ಕಲಿಯುತ್ತೇವೆ. ಅದು ತಪ್ಪು ಎಂದು ಹೇಳುವವರು ಸಾಲಿನ ಹೊರಗೆ ಇರುತ್ತಾರೆ, ಅವರಿರುವ ಕಡೆಗೆ ನಾವೇ ಹೋಗಬೇಕು.

ಆ ಸಿಲಿಂಡರ್ ಎತ್ತಿ ನಿಲ್ಲಿಸಿದ ಮರುದಿನದ ಮಾತು ಹೇಳಿ ಮುಗಿಸುತ್ತೇನೆ. ಎರಡೂ ಗಾಡಿ ಮುಚ್ಚಿದೆವು. ಜಾಗ ಹೋದರೆ ಹೋಗಲಿ ಎಂದು ಮಹಾದೇವಿಯನ್ನು ಕರೆದುಕೊಂಡು ಹೊರಟೆ. ಬಾಗಿಲಲ್ಲಿ ಅದೇ ಹುಡುಗಿ ಸಂಸ್ಥೆ ಎಂದು ಕೇಳಿದಾಗ ನಾನೇ ಮುಂದೆ ಹೋಗಿ, "ಮಹಾದೇವಿ ಭಜಿ. ಇವರೇ ಮಾಲೀಕರು" ಎಂದೆ. ನೇರ ಗ್ಯಾಸಿನ ಮಳಿಗೆಗೆ ಹೋಗಿ ಮುಂದಿನ ಬೆಂಚಿನಲ್ಲಿ ಕೂತೆವು. ಬೆಂಚುಗಳು ತುಂಬಿದವು. ನರೆಗೂದಲಿನ ಗೃಹಸ್ಥರು ಕೆಂಪು ನೀರಿನ ಸಿಲಿಂಡರ್ ಪಕ್ಕದಲ್ಲಿ ನಿಂತು ಅದೇ ಪ್ರಶ್ನೆ ಕೇಳಿದರು. ಮಲಗಿಸುವವರು ಯಾರಿದ್ದೀರಿ?

ಮೊಣಕೈಗೆ ಸುತ್ತಿದ್ದ ಬಟ್ಟೆ ಎಲ್ಲರಿಗೂ ಕಾಣುವಂತೆ ನಾನು ಕೈ ಎತ್ತಿದೆ. ಆಮೇಲೆ ಹಿಂದಿನಿಂದ ಒಂದು ಕೈ ಎದ್ದಿತು, ಇನ್ನೊಂದು ಎದ್ದಿತು, ನೋಡನೋಡುತ್ತಾ ಬೆಂಚಿಗೆ ಬೆಂಚೇ ಕೈ ಎತ್ತಿತು. ನನ್ನ ಪಕ್ಕದಲ್ಲಿ ಮಹಾದೇವಿಯ ಎರಡೂ ಕೈ ಮಡಿಲಲ್ಲೇ ಇದ್ದವು.